ಎದೆಹಾಲು ಮಗುವಿಗೆ ಸಾಕಾಗುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಹೆರಿಗೆಯಾಗಿ ಒಂದು ವಾರ, ಮಗು ಪದೇ ಪದೇ ಅಳುತ್ತದೆ, ಹಾಲು ಸಾಲುತ್ತಿಲ್ಲವೇನೋ ಎಂದು ಕೇಳಿದ್ದೀರಿ. ಅಳು ನೋಡಿ ಲೆಕ್ಕ ಹಾಕಬೇಡಿ, ಒದ್ದೆ ಬಟ್ಟೆ ನೋಡಿ. ಐದನೇ ದಿನದ ನಂತರ 24 ಗಂಟೆಯಲ್ಲಿ 6 ಸಲವಾದರೂ ಚೆನ್ನಾಗಿ ಮೂತ್ರ ಮಾಡುತ್ತಿದ್ದರೆ, ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ಮರಳಿದರೆ, ಹಾಲು ಸಾಕಾಗುತ್ತಿದೆ. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ.

ದಿನಕ್ಕೆ 8ರಿಂದ 12 ಸಲ ಕುಡಿಯುವುದು ಮಾಮೂಲಿ. ಸಂಜೆ ಹೊತ್ತು ಇನ್ನೂ ಜಾಸ್ತಿ ಕೇಳಬಹುದು. ಮಗು ಕುಡಿದಷ್ಟೂ ಹಾಲು ಊರುತ್ತದೆ. ಸುಮ್ನೆ ಹೆದರಿ ಬಾಟಲಿ ಶುರು ಮಾಡಿದರೆ ಎದೆಹಾಲು ಕುಡಿಯುವುದು ಕಡಿಮೆಯಾಗಿ, ಹಾಲು ಊರುವುದೂ ಕಡಿಮೆಯಾಗುತ್ತದೆ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ, ಮಗು ಎದೆಗೆ ಬಾಯಿ ಹಾಕುವ ರೀತಿ. ಮಗುವಿನ ಹೊಟ್ಟೆ ನಿಮ್ಮ ಮೈಗೆ ತಾಗಿರಲಿ, ಕುತ್ತಿಗೆ ತಿರುಚಿರಬಾರದು. ತೊಟ್ಟನ್ನು ಮೂಗಿನ ನೇರಕ್ಕೆ ತಂದು ಮೇಲ್ದುಟಿಗೆ ಸವರಿ. ಆಕಳಿಸುವಷ್ಟು ದೊಡ್ಡದಾಗಿ ಬಾಯಿ ತೆರೆದಾಗ ಮಗುವನ್ನು ಎದೆಗೆ ತನ್ನಿ. ನೀವೇ ಬಗ್ಗಿದರೆ ಬೆನ್ನು ಹಿಡಿದುಕೊಳ್ಳುತ್ತದೆ ಅಲ್ವಾ? ಗದ್ದ ಎದೆಗೆ ಒತ್ತಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಸಾಕಷ್ಟು ಬಾಯೊಳಗಿರಬೇಕು. ಹಾಲು ಇಳಿದಾಗ ಗುಟುಕು ನುಂಗುವ ಸದ್ದು ಕೇಳುತ್ತದೆ. ಮಗು ಕುಡಿಯುವಾಗ ನಿಮಗೆ ತೊಟ್ಟಿನಲ್ಲಿ ನೋವು ಹಾಗೇ ಉಳಿದರೆ ಕಿರುಬೆರಳನ್ನು ಮಗುವಿನ ಬಾಯಂಚಿನಲ್ಲಿ ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ. ಹಲ್ಲುಕಚ್ಚಿ ಸಹಿಸಿಕೊಂಡರೆ ತೊಟ್ಟು ಒಡೆಯುತ್ತದೆ.

ಮೂತ್ರ ಕಡಿಮೆಯಾದರೆ, ಎಬ್ಬಿಸಿದರೂ ಕುಡಿಯದೆ ಮಗು ಮಂಕಾಗಿದ್ದರೆ, ಇಲ್ಲವೇ ನಿಮ್ಮ ಎದೆ ಕೆಂಪಾಗಿ ಗಟ್ಟಿಯಾಗಿ ಜ್ವರ ಬಂದರೆ ಅಂದೇ ಡಾಕ್ಟರಿಗೆ ತೋರಿಸಿ. ಎದೆ ಬಾವು ಬಂದು ಜ್ವರವಿದ್ದರೂ ಹಾಲು ಕುಡಿಸುವುದನ್ನು ನೀವಾಗಿ ನಿಲ್ಲಿಸಬೇಡಿ.