ಮೆರ್ಸೊನ ಮೇಲೆ ಸಿಟ್ಟು ಬಂದವರಿಗೆ

ನಮಸ್ಕಾರ. ನಮ್ಮ ಓದುಗರ ಬಳಗದ ಮುಂದಿನ ತಿಂಗಳ ಪುಸ್ತಕವಾದ ಆಲ್ಬರ್ಟ್ ಕಮೂ ಅವರ ‘ದಿ ಸ್ಟ್ರೇಂಜರ್’ ಕಾದಂಬರಿಯನ್ನು ಮೊದಲ ಮೂರು ಅಧ್ಯಾಯಗಳವರೆಗೆ ಓದಿ ನಿಲ್ಲಿಸಿದ್ದೀರಿ. ಹೆತ್ತ ತಾಯಿಯನ್ನು ಮಣ್ಣು ಮಾಡಿದ ಮಾರನೆಯ ದಿನವೇ ಈಜಲು ಹೋಗಿ, ಹುಡುಗಿಯ ಜೊತೆ ನಗೆ ಸಿನಿಮಾ ನೋಡಿ ಬರುವ ಇಂಥ ಕಲ್ಲುಮನಸ್ಸಿನವನ ಕತೆಯನ್ನು ಏಕೆ ಮುಂದುವರಿಸಬೇಕು, ಮುಂದುವರಿಸುವುದಾದರೆ ಹೇಗೆ ಓದಬೇಕು ಎಂದು ಗುಂಪಿನಲ್ಲಿ ಕೇಳಿದ್ದೀರಿ. ನಿಮ್ಮ ಸಿಟ್ಟು ತಪ್ಪೆಂದು ವಾದಿಸಲು ನಾನು ಇದನ್ನು ಬರೆಯುತ್ತಿಲ್ಲ. ಆ ಸಿಟ್ಟನ್ನು ಇಟ್ಟುಕೊಂಡೇ ಓದಿ, ಎರಡನೆಯ ಭಾಗಕ್ಕೆ ಬಂದಾಗ ಅದು ಬೇಕಾಗುತ್ತದೆ. ಆದರೆ ಕಾದಂಬರಿಯ ನಾಯಕ ಮೆರ್ಸೊ ಭಾವನೆಯೇ ಇಲ್ಲದವನೋ, ಅಥವಾ ಭಾವನೆಗಳಿಗೆ ನಾವು ಇಟ್ಟಿರುವ ಹೆಸರುಗಳನ್ನು ಬಳಸಲೊಲ್ಲದವನೋ ಎಂಬುದನ್ನು ನಿಮ್ಮ ಮಟ್ಟಿಗೆ ಇತ್ಯರ್ಥ ಮಾಡಿಕೊಳ್ಳದೆ ಪುಸ್ತಕವನ್ನು ಮುಚ್ಚಬೇಡಿ ಎಂಬುದಷ್ಟೇ ನನ್ನ ಕೋರಿಕೆ.

ನಾನು ಇದನ್ನು ಮೊದಲು ಕೈಗೆತ್ತಿಕೊಂಡಾಗ ನನಗೆ ಇಪ್ಪತ್ತೆರಡು ವರ್ಷ. ಮುಂಬಯಿಯ ಕೋಟೆ ಪ್ರದೇಶದ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದೆ, ಫ್ಲೋರಾ ಫೌಂಟನ್ನಿನ ಫುಟ್‌ಪಾತಿನಲ್ಲಿ ಹಳೆಯ ಪ್ರತಿಯನ್ನು ಕೊಂಡು ಡೊಂಬಿವಲಿಯ ಲೋಕಲ್ಲಿನಲ್ಲಿ ನಿಂತುಕೊಂಡೇ ಓದುತ್ತಿದ್ದೆ. ನೀವು ನಿಲ್ಲಿಸಿದ ಜಾಗದ ಹತ್ತಿರದಲ್ಲಿಯೇ ನಾನೂ ನಿಲ್ಲಿಸಿದೆ. ಶವಜಾಗರಣೆಯಲ್ಲಿ ಅವನು ಹಾಲು ಹಾಕಿದ ಕಾಫಿ ಕುಡಿದು, ಕಾವಲುಗಾರನ ಜೊತೆ ಸಿಗರೇಟು ಸೇದುವ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ‘ಪಾಪಿ’ ಎಂದು ಬರೆದಿದ್ದೇನೆ. ಆ ಪ್ರತಿ ಇನ್ನೂ ನನ್ನ ಬಳಿ ಇದೆ.

ಮತ್ತೆ ಅದನ್ನು ತೆರೆದದ್ದು 1991ರಲ್ಲಿ. ಕುಂದಾಪುರದ ಕಡೆಯ ಊರಿನಲ್ಲಿ ಅಣ್ಣನ ಮನೆಯಲ್ಲಿದ್ದ ನನ್ನ ತಾಯಿ ಆ ವರ್ಷದ ಮೇ ತಿಂಗಳಲ್ಲಿ ತೀರಿಕೊಂಡರು. ರಜೆ ಕೇಳಲು ಹೋದಾಗ ಮೇಲಧಿಕಾರಿ, ಒಳ್ಳೆಯ ಮನಸ್ಸಿನಿಂದಲೇ, ತಾಯಿಗೆ ಎಷ್ಟು ವಯಸ್ಸಾಗಿತ್ತು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಯಾವುದೋ ದೊಡ್ಡ ನೆರೆ ಬಂದ ಮರುವರ್ಷ ಹುಟ್ಟಿದವಳು ತಾನು ಎಂದು ಅಮ್ಮ ಹೇಳುತ್ತಿದ್ದರೇ ಹೊರತು ಇಸವಿಯನ್ನು ಯಾರೂ ಬರೆದಿಟ್ಟಿರಲಿಲ್ಲ. ‘ಎಪ್ಪತ್ತರ ಆಸುಪಾಸು’ ಎಂದು ಹೇಳಿ ಹೊರಬಂದೆ. ಆಗ ಕೊಂಕಣ ರೈಲು ಇರಲಿಲ್ಲ. ರಾತ್ರಿಯಿಡೀ ಬಸ್ಸಿನಲ್ಲಿ ತೂಕಡಿಸುತ್ತ, ಘಟ್ಟದ ತಿರುವುಗಳಲ್ಲಿ ಎಚ್ಚರಗೊಳ್ಳುತ್ತ ಊರು ತಲುಪಿದಾಗ ನನಗೆ ಬೇಕಾಗಿದ್ದದ್ದು ನಿದ್ದೆ. ಅಂಗಳದ ಬಿಸಿಲು, ಚಪ್ಪರದ ಹಸಿ ಮಡಲಿನ ವಾಸನೆ, ಯಾರೋ ಕೈಗಿತ್ತ ಕಾಫಿಯ ಲೋಟ, ಇವು ಇವತ್ತಿಗೂ ಸ್ಪಷ್ಟವಾಗಿ ನೆನಪಿವೆ. ನಾನು ಅಳಲಿಲ್ಲ. ಬೊಜ್ಜದ (ಉತ್ತರಕ್ರಿಯೆಯ) ದಿನ ಬಂಧುಗಳಲ್ಲೊಬ್ಬರು, ‘ಬೊಂಬಾಯಿ ನೀರು ಕುಡಿದವರ ಕಣ್ಣಲ್ಲಿ ನೀರು ಬರುವುದಿಲ್ಲ’ ಎಂದರು. ಡೊಂಬಿವಲಿಗೆ ಹಿಂದಿರುಗಿದ ವಾರದಲ್ಲಿ ಆ ಹಳೆಯ ಪ್ರತಿಯನ್ನು ಹುಡುಕಿ ತೆಗೆದು ಒಂದೇ ರಾತ್ರಿಯಲ್ಲಿ ಮುಗಿಸಿದೆ. ಮೆರ್ಸೊನನ್ನೂ ಅವನ ಮೇಲಧಿಕಾರಿ ತಾಯಿಯ ವಯಸ್ಸು ಕೇಳುತ್ತಾನೆ, ತಪ್ಪು ಹೇಳಬಾರದೆಂಬ ಎಚ್ಚರದಲ್ಲಿ ಅವನು ಅರವತ್ತರ ಆಸುಪಾಸು ಎನ್ನುತ್ತಾನೆ. ಮೊದಲ ಓದಿನಲ್ಲಿ ನನಗೆ ಉಡಾಫೆಯಾಗಿ ಕಂಡಿದ್ದ ಮಾತು ಅದು.

ಮುಂಬಯಿಯ ಕನ್ನಡಿಗರು ಈ ಪುಸ್ತಕವನ್ನು ಓದುವಾಗ ಇನ್ನೊಂದು ವಿಷಯವನ್ನು ದಾಟಿ ಹೋಗಬಾರದು. ಮೆರ್ಸೊ ಅಲ್ಜೀರಿಯಾದ ಅಲ್ಜೀರ್ಸ್ ನಗರದಲ್ಲಿ ಕೆಲಸ ಮಾಡುತ್ತಾನೆ, ತಾಯಿ ಎಂಬತ್ತು ಕಿಲೋಮೀಟರ್ ದೂರದ ಮರೆಂಗೊದ ವೃದ್ಧಾಶ್ರಮದಲ್ಲಿದ್ದಾಳೆ. ಅವಳನ್ನು ನೋಡಿಕೊಳ್ಳಲು ಆಳನ್ನು ಇಡುವಷ್ಟು ಹಣ ಅವನ ಬಳಿ ಇಲ್ಲ. ಕೊನೆಯ ವರ್ಷದಲ್ಲಿ ಅವನು ಅಲ್ಲಿಗೆ ಹೋಗಿಬರುವುದು ಹೆಚ್ಚುಕಡಿಮೆ ನಿಂತಿತ್ತು, ಹೋದರೆ ಭಾನುವಾರ ಕಳೆದುಹೋಗುತ್ತಿತ್ತು ಎಂದು ಅವನೇ ಹೇಳುತ್ತಾನೆ. ಬಸ್ ನಿಲ್ದಾಣಕ್ಕೆ ನಡೆಯುವುದು, ಟಿಕೆಟು ಕೊಳ್ಳುವುದು, ಎರಡು ಗಂಟೆ ಪ್ರಯಾಣ ಮಾಡುವುದು ಬೇರೆ. ಒಂದೂವರೆ ಕೋಣೆಯ ಚಾಳಿನಲ್ಲಿ ಸಂಸಾರ ಹೂಡಿ, ‘ಅಮ್ಮನಿಗೆ ಇಲ್ಲಿನ ಹವೆ ಒಗ್ಗುವುದಿಲ್ಲ’ ಎಂದು ಊರಿನಲ್ಲಿಯೇ ಬಿಟ್ಟು, ವರ್ಷಕ್ಕೊಮ್ಮೆ ಮೇ ರಜೆಯಲ್ಲಿ ಹೋಗಿಬಂದ ನಮ್ಮ ತಲೆಮಾರಿನವರು ಈ ಸಾಲುಗಳ ಮುಂದೆ ಸುಮ್ಮನೆ ಕೂರಬೇಕಾಗುತ್ತದೆ. ನಾವು ಅದೇ ಕೆಲಸವನ್ನು ಮಾಡಿ ಅದಕ್ಕೆ ಒಳ್ಳೆಯ ಕಾರಣವನ್ನು ಹೇಳುತ್ತಿದ್ದೆವು, ಅವನು ಬಸ್ಸಿನ ಟಿಕೆಟನ್ನು ಹೇಳುತ್ತಾನೆ.

ಈಗ ಓದುವ ಬಗೆಯ ವಿಷಯಕ್ಕೆ ಬರುತ್ತೇನೆ. ಒಂದು ಪೆನ್ಸಿಲನ್ನು ಹಿಡಿದುಕೊಳ್ಳಿ. ಅವನು ಏನನ್ನು ಅನುಭವಿಸಲಿಲ್ಲ ಎಂಬುದನ್ನು ಹುಡುಕುವುದನ್ನು ಬಿಟ್ಟು, ಅವನು ಗಮನಿಸಿದ ಪ್ರತಿಯೊಂದು ವಸ್ತುವಿನ ಕೆಳಗೆ ಗೆರೆ ಎಳೆಯುತ್ತ ಹೋಗಿ. ಕಚೇರಿಯ ಕೈ ಒರೆಸುವ ಸುರುಳಿ ಟವೆಲು ಮಧ್ಯಾಹ್ನ ಒಣಗಿರುತ್ತದೆ, ಸಂಜೆಯ ಹೊತ್ತಿಗೆ ತೊಯ್ದಿರುತ್ತದೆ, ಆದ್ದರಿಂದ ಅವನಿಗೆ ಮಧ್ಯಾಹ್ನ ಕೈ ತೊಳೆಯುವುದೇ ಇಷ್ಟ. ಇದನ್ನು ಅವನು ಮಾಲೀಕನಿಗೆ ಹೇಳಿಯೂ ನೋಡುತ್ತಾನೆ, ಮಾಲೀಕ ಅದೊಂದು ಸಣ್ಣ ವಿಷಯವೆಂದು ತಳ್ಳಿಹಾಕುತ್ತಾನೆ. ಎರಡನೆಯ ಅಧ್ಯಾಯದಲ್ಲಿ ಅವನು ಒಂದು ಭಾನುವಾರದ ಮಧ್ಯಾಹ್ನವನ್ನು ಬಾಲ್ಕನಿಯಲ್ಲಿ ಕುಳಿತು ಕಳೆಯುವ ಭಾಗವನ್ನು ನೀವು ಬೇಸರದಿಂದ ದಾಟಿಸಿರಬಹುದು, ನಾನೂ ದಾಟಿಸಿದ್ದೆ. ದಯವಿಟ್ಟು ಹಿಂದಿರುಗಿ ಅದನ್ನು ನಿಧಾನವಾಗಿ ಓದಿ. ವಿಹಾರಕ್ಕೆ ಹೊರಟ ಸಂಸಾರಗಳು, ಖಾಲಿಯಾಗುವ ಬೀದಿ, ಆಟ ಮುಗಿಸಿ ಟ್ರಾಮಿನಲ್ಲಿ ಕೂಗುತ್ತ ಬರುವ ಹುಡುಗರು, ದೀಪ ಹತ್ತಿದೊಡನೆ ಮಂಕಾಗುವ ನಕ್ಷತ್ರಗಳು, ಹೀಗೆ ಬೆಳಕು ಬದಲಾದಂತೆಲ್ಲ ಬೀದಿಯನ್ನು ಬಿಡದೆ ನೋಡುವವನನ್ನು ಕಲ್ಲು ಎನ್ನುವುದು ನನಗೆ ಕಷ್ಟ. ಮೂರನೆಯ ಅಧ್ಯಾಯದಲ್ಲಿ ಸಲಮಾನೊ ಎಂಬ ಮುದುಕನನ್ನು ನೀವು ಕಂಡಿದ್ದೀರಿ. ಕಜ್ಜಿ ಹಿಡಿದ ತನ್ನ ನಾಯಿಯನ್ನು ದಿನವೂ ಬೈದು ಹೊಡೆಯುವ ಆತ, ಮುಂದಿನ ಅಧ್ಯಾಯದಲ್ಲಿ ಅದು ಕಳೆದುಹೋದ ರಾತ್ರಿ ಗೋಡೆಯ ಆಚೆ ಅಳುತ್ತಾನೆ. ಆ ಸದ್ದನ್ನು ಕೇಳಿದ ಮೆರ್ಸೊನಿಗೆ ಏಕೋ ತಾಯಿಯ ನೆನಪಾಗುತ್ತದೆ, ಏಕೆಂದು ತನಗೆ ತಿಳಿಯದೆನ್ನುತ್ತಾನೆ. ಮರುದಿನ ಬೇಗ ಏಳಬೇಕಾಗಿರುವುದರಿಂದ, ಹಸಿವಿಲ್ಲದೆ, ಊಟ ಮಾಡದೆ ಮಲಗುತ್ತಾನೆ. ಕಾದಂಬರಿಯಲ್ಲಿ ಅವನ ಶೋಕ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಈ ಊಟ ಬಿಟ್ಟ ರಾತ್ರಿಯನ್ನು ತೋರಿಸುತ್ತೇನೆ.

ಅವನ ವಾಕ್ಯಗಳ ರೀತಿಯನ್ನೂ ಗಮನಿಸಿ. ನಮ್ಮ ಕನ್ನಡದಲ್ಲಿ ದುಃಖವನ್ನು ನಾವು ಮಾಡುವುದಿಲ್ಲ, ಅದು ನಮಗೆ ಆಗುತ್ತದೆ. ನನಗೆ ಸೆಕೆಯಾಯಿತು, ನನಗೆ ನಿದ್ದೆ ಬಂತು, ನನಗೆ ದುಃಖವಾಯಿತು ಎನ್ನುವಾಗ ಮೂರಕ್ಕೂ ವ್ಯಾಕರಣ ಒಂದೇ. ಮೆರ್ಸೊ ಮೊದಲ ಎರಡನ್ನು ಎಗ್ಗಿಲ್ಲದೆ ಹೇಳುತ್ತಾನೆ, ಮೂರನೆಯದನ್ನು ಹೇಳುವುದಿಲ್ಲ. ಅದು ಆಗಲೇ ಇಲ್ಲವೋ, ಆಗಿದ್ದನ್ನು ಅವನು ಸೆಕೆಯೆಂದೂ ಆಯಾಸವೆಂದೂ ಗುರುತಿಸಿದನೋ ಎಂಬ ಸಂಶಯ ನನಗೆ ಕನ್ನಡದಲ್ಲಿ ಯೋಚಿಸಿದಾಗಲೇ ಹುಟ್ಟಿತು. ಇನ್ನೊಂದು, ನಾವು ‘ಹೋಗಿ, ನೋಡಿ, ಅತ್ತು, ಬಂದು’ ಎಂದು ಕ್ರಿಯೆಗಳನ್ನು ಪೋಣಿಸಿ ಮಾತಾಡುವವರು, ಪೋಣಿಸಿದೊಡನೆ ಒಂದಕ್ಕೊಂದು ಕಾರಣವಾಗಿಬಿಡುತ್ತದೆ. ಅವನು ಪೋಣಿಸುವುದಿಲ್ಲ. ಮೂಲದಲ್ಲಿ ಕಮೂ ಫ್ರೆಂಚ್ ಕಾದಂಬರಿಗಳ ಗ್ರಾಂಥಿಕ ಭೂತಕಾಲವನ್ನು ಬಿಟ್ಟು ಆಡುಮಾತಿನ ಭೂತಕಾಲವನ್ನು ಬಳಸಿದ್ದಾರೆ, 1943ರಲ್ಲಿ ಇದರ ಬಗ್ಗೆ ಪ್ರಬಂಧ ಬರೆದ ಫ್ರೆಂಚ್ ತತ್ವಜ್ಞಾನಿ ಸಾರ್ತ್ರ್ ಇಲ್ಲಿನ ಒಂದೊಂದು ವಾಕ್ಯವನ್ನೂ ದ್ವೀಪಕ್ಕೆ ಹೋಲಿಸಿದರು. ಕಾರಣಗಳನ್ನು ಒದಗಿಸುವ ಕೆಲಸ ನಮ್ಮ ಪಾಲಿಗೆ ಬರುತ್ತದೆ, ನಮ್ಮ ಮೊದಲ ಸಿಟ್ಟು ಹುಟ್ಟುವುದೂ ಅಲ್ಲಿಯೇ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಕೊಡಬೇಕು, ಏಕೆಂದರೆ ನಮ್ಮ ಬಳಗದ ಕೆಲವು ಕಿರಿಯ ಮಿತ್ರರಿಗೆ ಈತ ನೇರ ಮಾತಿನ ವೀರನಾಗಿ ಕಾಣುತ್ತಾನೆ. ನೆರೆಮನೆಯ ರೇಮಂಡ್ ತನ್ನ ಅರಬ್ ಪ್ರೇಯಸಿಯನ್ನು ಬಲೆಗೆ ಕೆಡವಲು ಒಂದು ಕಾಗದ ಬರೆದುಕೊಡು ಎಂದಾಗ ಮೆರ್ಸೊ ಬರೆದುಕೊಡುತ್ತಾನೆ. ಬರೆಯದಿರಲು ಅವನಿಗೆ ಕಾರಣ ಕಾಣಲಿಲ್ಲವಂತೆ. ಅವಳು ಹೊಡೆತ ತಿನ್ನುತ್ತಿರುವಾಗ ಪೊಲೀಸರನ್ನು ಕರೆ ಎಂದು ಮೆರ್ಸೊನ ಗೆಳತಿ ಮರೀ ಹೇಳಿದರೆ, ತನಗೆ ಪೊಲೀಸರು ಇಷ್ಟವಿಲ್ಲ ಎನ್ನುತ್ತಾನೆ. ಮುಂದೆ ಸಮುದ್ರತೀರದಲ್ಲಿ ಅವನ ಗುಂಡಿಗೆ ಬಲಿಯಾಗುವವನೂ ಅರಬನೇ, ಪುಸ್ತಕ ಮುಗಿಯುವವರೆಗೂ ಅವನಿಗೊಂದು ಹೆಸರಿಲ್ಲ. ಅಲ್ಜೀರಿಯಾ ಆಗ ಫ್ರೆಂಚರ ಆಳ್ವಿಕೆಯಲ್ಲಿತ್ತು, ಪುಸ್ತಕ ಪ್ರಕಟವಾದದ್ದು 1942ರಲ್ಲಿ. ಎಪ್ಪತ್ತೊಂದು ವರ್ಷಗಳ ನಂತರ, 2013ರಲ್ಲಿ, ಅಲ್ಜೀರಿಯಾದ ಲೇಖಕ ಕಮೆಲ್ ದಾವೂದ್ ಸತ್ತವನಿಗೆ ಮೂಸಾ ಎಂಬ ಹೆಸರಿಟ್ಟು, ಅವನ ತಮ್ಮನ ಬಾಯಿಂದ ಇನ್ನೊಂದು ಕಾದಂಬರಿಯನ್ನೇ ಹೇಳಿಸಿದರು. ಮೆರ್ಸೊ ತಾಯಿಗಾಗಿ ಅಳಲಿಲ್ಲವೆಂಬುದಕ್ಕಿಂತ ಅವನು ರೇಮಂಡನಿಗೆ ಬರೆದುಕೊಟ್ಟ ಆ ಕಾಗದ ನನ್ನನ್ನು ಹೆಚ್ಚು ಕಾಡಿದೆ. ನಿಮ್ಮ ಸಿಟ್ಟಿನಲ್ಲಿ ಅರ್ಧವನ್ನಾದರೂ ಇಲ್ಲಿಗೆ ಉಳಿಸಿಕೊಳ್ಳಿ.

ಎರಡನೆಯ ಭಾಗ ನ್ಯಾಯಾಲಯದ್ದು, ಅದರ ಬಗ್ಗೆ ಹೆಚ್ಚು ಹೇಳಿ ನಿಮ್ಮ ಓದನ್ನು ಕೆಡಿಸುವುದಿಲ್ಲ. ಕೊಲೆಯ ವಿಚಾರಣೆ ಕಾಫಿಯ, ಸಿಗರೇಟಿನ, ಸಿನಿಮಾದ ವಿಚಾರಣೆಯಾಗಿ ತಿರುಗುತ್ತದೆ, ಸರ್ಕಾರಿ ವಕೀಲ ಎತ್ತುವ ಮಾತುಗಳು ನೀವು ಗುಂಪಿನಲ್ಲಿ ಬರೆದ ಮಾತುಗಳೇ ಆಗಿರುತ್ತವೆ. ನನ್ನ ‘ಪಾಪಿ’ ಎಂಬ ಅಂಚಿನ ಟಿಪ್ಪಣಿಯನ್ನು ಆ ವಕೀಲನ ಬಾಯಲ್ಲಿ ಕಂಡಾಗ ನನಗೆ ನಾಚಿಕೆಯಾಯಿತು. ತಾಯಿಯ ಅಂತ್ಯಕ್ರಿಯೆಯಲ್ಲಿ ಅಳದವನು ನಮ್ಮ ಸಮಾಜದಲ್ಲಿ ಮರಣದಂಡನೆಗೆ ಗುರಿಯಾಗಬಹುದು ಎಂಬ ಅರ್ಥದ ಮಾತನ್ನು ಕಮೂ ಅವರೇ ಒಂದು ಅಮೆರಿಕನ್ ಆವೃತ್ತಿಯ ಮುನ್ನುಡಿಯಲ್ಲಿ ಹೇಳಿ, ತಮ್ಮ ನಾಯಕ ಸುಳ್ಳು ಹೇಳಲು ಒಪ್ಪದವನು ಎಂದು ಸಮರ್ಥಿಸಿದ್ದಾರೆ. ಲೇಖಕರ ಮೇಲೆ ಗೌರವವಿಟ್ಟೇ ನಾನು ಇದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ರೇಮಂಡನ ಪರವಾಗಿ ಠಾಣೆಯಲ್ಲಿ ಸಾಕ್ಷಿ ಹೇಳಿ ಅವನನ್ನು ಪಾರು ಮಾಡಿದವನನ್ನು ಸತ್ಯದ ಹರಿಶ್ಚಂದ್ರನೆಂದು ಕರೆಯಲು ನನ್ನಿಂದಾಗದು. ಮುನ್ನುಡಿ ನಿಮ್ಮ ಪ್ರತಿಯಲ್ಲಿದ್ದರೆ ಅದನ್ನು ಕೊನೆಯಲ್ಲಿ ಓದಿ.

ಪ್ರತಿಯ ಬಗ್ಗೆಯೂ ಕೇಳಿದ್ದೀರಿ. ಇಂಗ್ಲಿಷಿನಲ್ಲಿ ಸ್ಟುವರ್ಟ್ ಗಿಲ್ಬರ್ಟ್ ಅವರ 1946ರ ಅನುವಾದ ಹಳೆಯದು, ಮೆರ್ಸೊನನ್ನು ತುಸು ಸಭ್ಯ ಗೃಹಸ್ಥನನ್ನಾಗಿ ಮಾಡುತ್ತದೆ ಎಂಬುದು ನನ್ನ ಅನಿಸಿಕೆ. ಮ್ಯಾಥ್ಯೂ ವಾರ್ಡ್ ಅವರ 1988ರ ಅನುವಾದವನ್ನು ತೆಗೆದುಕೊಳ್ಳಿ. ಮೊದಲ ಸಾಲಿನಲ್ಲಿ ಗಿಲ್ಬರ್ಟ್ ‘ಮದರ್’ ಎಂದು ಬರೆದಿದ್ದ ಕಡೆ ವಾರ್ಡ್ ಫ್ರೆಂಚಿನ ‘ಮಮಾ’ ಎಂಬ ಮಗುವಿನ ಕರೆಯನ್ನೇ ಉಳಿಸಿಕೊಂಡಿದ್ದಾರೆ, ಆ ಒಂದು ಪದದಿಂದ ಇಡೀ ಪುಸ್ತಕದ ಹದವೇ ಬದಲಾಗುತ್ತದೆ. ಕನ್ನಡದಲ್ಲಿ ಈ ಸಾಲನ್ನು ನೀವೇ ಒಮ್ಮೆ ಬರೆದು ನೋಡಿ. ತಾಯಿ, ಅಮ್ಮ, ಅಬ್ಬೆ, ಅವ್ವ. ಸತ್ತಳು, ತೀರಿಕೊಂಡಳು, ತೀರಿಕೊಂಡರು, ಹೋಗಿಬಿಟ್ಟಳು. ಯಾವುದನ್ನು ಆರಿಸಿದರೂ ಮಗನ ಮನಸ್ಸು ಅಲ್ಲಿ ಇಣುಕುತ್ತದೆ, ನಿರ್ಲಿಪ್ತನಾಗಿರಲು ಕನ್ನಡದ ಕ್ರಿಯಾಪದ ಅವನಿಗೆ ಅವಕಾಶವನ್ನೇ ಕೊಡುವುದಿಲ್ಲ. ಮಾಟುಂಗದಲ್ಲಿ ಬಳಗದ ಸಭೆಗೆ ಸೇರಿದಾಗ ಎಲ್ಲರೂ ತಮ್ಮ ತಮ್ಮ ಸಾಲನ್ನು ತಂದರೆ ಅರ್ಧ ಗಂಟೆಯ ಒಳ್ಳೆಯ ಚರ್ಚೆ ಅದೊಂದರಿಂದಲೇ ಆಗುತ್ತದೆ.

ಇದನ್ನು ಮುಗಿಸಿದ ಮೇಲೆ, ಕೂಡಲೇ ಅಲ್ಲದಿದ್ದರೂ ಅದೇ ತಿಂಗಳಲ್ಲಿ, ಯಶವಂತ ಚಿತ್ತಾಲರ 1979ರ ‘ಶಿಕಾರಿ’ಯನ್ನು ತೆಗೆಯಿರಿ. ನಮ್ಮ ಮುಂಬಯಿಯದೇ ಕಾದಂಬರಿ, ಅಲ್ಲಿಯೂ ಆಪಾದನೆ ಹೊತ್ತ ಒಬ್ಬ ಒಂಟಿ ನೌಕರನಿದ್ದಾನೆ. ಆದರೆ ನಾಗಪ್ಪ ತನ್ನ ಮನಸ್ಸಿನ ಒಂದೊಂದು ಎಳೆಯನ್ನೂ ಬಿಡಿಸಿ, ಅದರ ಬೇರನ್ನು ಅಗೆದು, ಇನ್ನೊಬ್ಬರ ಒಂದು ನಗೆಗೆ ನೂರು ಅರ್ಥ ಹಚ್ಚುವವನು. ಮೆರ್ಸೊನ ಮೌನದಿಂದ ಬೇಸತ್ತವರಿಗೆ ಅವನು ಮೊದಲು ಆಪ್ತನೆನಿಸುತ್ತಾನೆ, ನೂರು ಪುಟ ದಾಟಿದ ಮೇಲೆ ಮೆರ್ಸೊನ ಬಾಲ್ಕನಿ ಮತ್ತೆ ನೆನಪಾದರೆ ಆಶ್ಚರ್ಯಪಡಬೇಡಿ.

ಕೊನೆಯದಾಗಿ, ಮೊದಲ ಭಾಗದ ಆರನೆಯ ಅಧ್ಯಾಯದಲ್ಲಿ ಕೊಲೆ ನಡೆಯುವಾಗ ಗುಂಡುಗಳನ್ನು ಎಣಿಸಿಕೊಳ್ಳಿ. ಮೊದಲು ಒಂದು, ಸ್ವಲ್ಪ ಬಿಡುವು, ಆಮೇಲೆ ನಿಶ್ಚಲವಾಗಿ ಬಿದ್ದಿರುವ ದೇಹಕ್ಕೆ ನಾಲ್ಕು. ಮೊದಲನೆಯದಕ್ಕೆ ಬಿಸಿಲು, ಚೂರಿಯ ಹೊಳಪು, ಕಣ್ಣಿಗಿಳಿದ ಬೆವರು ಎಂದು ಏನನ್ನಾದರೂ ಹೇಳಬಹುದು. ಉಳಿದ ನಾಲ್ಕನ್ನು ಏಕೆ ಹಾರಿಸಿದೆ ಎಂದು ತನಿಖಾ ನ್ಯಾಯಾಧೀಶ ಮತ್ತೆ ಮತ್ತೆ ಕೇಳಿದಾಗ ಅವನು ಬಾಯಿ ಬಿಡುವುದಿಲ್ಲ. ಮೂರು ಬಾರಿ ಓದಿದರೂ ಆ ಬಿಡುವಿನಲ್ಲಿ ಅವನೊಳಗೆ ಏನು ನಡೆಯಿತೆಂದು ನನಗೆ ಹೊಳೆದಿಲ್ಲ. ನಿಮಗೆ ಹೊಳೆದರೆ ಸಭೆಯವರೆಗೆ ಕಾಯದೆ ಇಲ್ಲಿಯೇ ಬರೆಯಿರಿ. ನನ್ನ ಹಳೆಯ ಪ್ರತಿ ಬೇಕಾದವರು ಹೇಳಿ, ಭಾನುವಾರ ಮಾಟುಂಗಕ್ಕೆ ಬರುವಾಗ ತರುತ್ತೇನೆ. ಗುಂಡು ಹಾರಿಸುವ ಆ ಪುಟದ ಅಂಚು ಮಾತ್ರ ಇನ್ನೂ ಖಾಲಿ ಇದೆ.