ಆಪರೇಷನ್ ಆಗಿ ವರ್ಷಗಳಾದರೂ ಮಲ ಸೋರುತ್ತಿದೆ, ಏಕೆ?

ಪ್ರಶ್ನೆ: ನಾವು ಚಿಂತಾಮಣಿ ತಾಲ್ಲೂಕಿನವರು. ಮಗನಿಗೆ ಆರು ವರ್ಷ. ಹುಟ್ಟಿ ಎರಡು ದಿನವಾದರೂ ಮಲ ಹೋಗದೆ ಹೊಟ್ಟೆ ಉಬ್ಬಿತ್ತು. ಹಿರ್ಷ್‌ಸ್ಪ್ರಂಗ್ ಕಾಯಿಲೆ ಎಂದು ಎಂಟನೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಆಪರೇಷನ್ ಮಾಡಿದರು. ಈಗಲೂ ದಿನವಿಡೀ ಚಡ್ಡಿಯಲ್ಲಿ ಸ್ವಲ್ಪ ಸ್ವಲ್ಪ ಮಲ ಸೋರುತ್ತದೆ. ಸೋಮಾರಿತನ ಎಂದು ಮನೆಯವರು ಗದರುತ್ತಾರೆ. ಆಪರೇಷನ್ ಕೆಟ್ಟಿದೆಯೇ?

ಉತ್ತರ: ಮೊದಲು ಗದರುವುದು ನಿಲ್ಲಲಿ. ಅನೇಕ ವೇಳೆ ಮಲ ಜಾರಿದ್ದು ಮಗುವಿಗೆ ಗೊತ್ತೇ ಆಗಿರುವುದಿಲ್ಲ.

ಸುಮಾರು 5,000 ಶಿಶುಗಳಲ್ಲಿ ಒಂದು ಹೀಗೆ ಕರುಳಿನ ತುದಿಯಲ್ಲಿ ನರಕೋಶಗಳಿಲ್ಲದೆ ಹುಟ್ಟುತ್ತದೆ. ಇದೇ ಹಿರ್ಷ್‌ಸ್ಪ್ರಂಗ್ ಕಾಯಿಲೆ; ಆ ಭಾಗ ಮಲವನ್ನು ಮುಂದೆ ದೂಡದೆ ಅಡ್ಡಿಯಾಗುತ್ತದೆ. ಆ ಭಾಗ ತೆಗೆದು, ಮೇಲಿನ ಒಳ್ಳೆಯ ಕರುಳನ್ನು ಕೆಳಗೆಳೆದು ಜೋಡಿಸುವ ದಾರಿಯನ್ನು 1948ರಲ್ಲಿ ಅಮೆರಿಕದ ಶಸ್ತ್ರವೈದ್ಯ ಸ್ವೆನ್ಸನ್ ತೋರಿಸಿಕೊಟ್ಟರು. ಇದರಿಂದ ಅಡ್ಡಿ ಹೋಗುತ್ತದೆ. ಆದರೆ ಗುದದ್ವಾರದ ಒಳಸ್ನಾಯು ತಾನಾಗಿ ಸಡಿಲಗೊಳ್ಳುವ ಗುಣ ಸಾಮಾನ್ಯವಾಗಿ ಮರಳುವುದಿಲ್ಲ. ಮಲಬದ್ಧತೆಯೋ ಸೋರಿಕೆಯೋ ವರ್ಷಗಟ್ಟಲೆ ಉಳಿಯಬಹುದು ಎಂಬುದನ್ನು ಡಿಸ್ಚಾರ್ಜ್ ದಿನವೇ ಪೋಷಕರಿಗೆ ಹೇಳಬೇಕು. ನಮ್ಮ ವೃತ್ತಿಯಲ್ಲಿ ಎಲ್ಲರೂ ಹೇಳುವುದಿಲ್ಲ.

ಸೋರಿಕೆಯಲ್ಲಿ ಎರಡು ಬಗೆ. ಕರುಳಿನಲ್ಲಿ ಮಲ ಕಟ್ಟಿಕೊಂಡು, ಅದರ ಪಕ್ಕದಿಂದ ತೆಳುವಾದದ್ದು ಜಾರುವುದು ಒಂದು. ಸ್ನಾಯು ಬಲಹೀನವಾಗಿಯೋ ಕರುಳು ವೇಗವಾಗಿ ದೂಡುವುದರಿಂದಲೋ ಹಿಡಿದಿಡಲಾಗದೆ ಸೋರುವುದು ಇನ್ನೊಂದು. ಚಡ್ಡಿ ನೋಡಿದರೆ ಎರಡೂ ಒಂದೇ, ಚಿಕಿತ್ಸೆ ಮಾತ್ರ ತದ್ವಿರುದ್ಧ. ಮೊದಲನೆಯದಕ್ಕೆ ಮಲ ಸಡಿಲಿಸುವ ಔಷಧ ಬೇಕು. ಅದನ್ನೇ ಎರಡನೆಯದಕ್ಕೆ ಕೊಟ್ಟರೆ ಸೋರಿಕೆ ಇನ್ನೂ ಹೆಚ್ಚುತ್ತದೆ. ಅಲ್ಲಿ ಮಲ ಗಟ್ಟಿಯಾಗಿಸುವ ಆಹಾರ, ಕರುಳಿನ ವೇಗ ತಗ್ಗಿಸುವ ಲೋಪೆರಮೈಡ್ ಔಷಧ, ದಿನಕ್ಕೊಮ್ಮೆ ಎನಿಮಾ (ಗುದದ್ವಾರದಿಂದ ದ್ರವ ಬಿಟ್ಟು ಕರುಳು ಖಾಲಿ ಮಾಡಿಸುವುದು) ಬೇಕು. ಆದ್ದರಿಂದ ಮೆಡಿಕಲ್ ಶಾಪ್‌ನ ಸಿರಪ್ ಬೇಡ. ‘ಮುದ್ದೆ, ಸೊಪ್ಪು ಜಾಸ್ತಿ ಕೊಡಿ’ ಎಂಬ ಸಲಹೆಯೂ ಎಲ್ಲರಿಗೂ ಹೊಂದುವುದಿಲ್ಲ.

ಮಕ್ಕಳ ಶಸ್ತ್ರಚಿಕಿತ್ಸಾ ತಜ್ಞರನ್ನು ಕಾಣಿ. ಹಳೆಯ ಡಿಸ್ಚಾರ್ಜ್ ಸಾರಾಂಶ, ಬಯಾಪ್ಸಿ (ಕರುಳಿನ ಚೂರು ತೆಗೆದು ಮಾಡಿದ ಪರೀಕ್ಷೆ) ವರದಿ ಕೊಂಡೊಯ್ಯಿರಿ. ಹೊಟ್ಟೆಯ ಎಕ್ಸ್-ರೇಯಲ್ಲೇ ಮಲ ತುಂಬಿದೆಯೇ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಜೋಡಣೆ ಕಿರಿದಾಗಿದೆ, ನರಕೋಶವಿಲ್ಲದ ಭಾಗ ಉಳಿದಿದೆ ಎಂಬ ಅನುಮಾನವಿದ್ದರೆ ಎಕ್ಸ್-ರೇಯಲ್ಲಿ ಎದ್ದು ಕಾಣುವ ದ್ರವವನ್ನು ಗುದದ್ವಾರದಿಂದ ಬಿಟ್ಟು ತೆಗೆಯುವ ಎಕ್ಸ್-ರೇ, ಮತ್ತೊಂದು ಬಯಾಪ್ಸಿ ಬೇಕಾಗುತ್ತದೆ. ಮರು ಆಪರೇಷನ್ ಕೆಲವರಿಗೆ ಮಾತ್ರ. ಹೆಚ್ಚಿನ ಮಕ್ಕಳು ಹದಿಹರೆಯದ ಹೊತ್ತಿಗೆ ಸುಧಾರಿಸುತ್ತಾರೆ. ಎಲ್ಲರೂ ಎಂದು ಮಾತು ಕೊಡಲಾರೆ.

ಅಲ್ಲಿಯವರೆಗೆ ಊಟವಾದ ಮೇಲೆ ಐದು-ಹತ್ತು ನಿಮಿಷ ಶೌಚಾಲಯದಲ್ಲಿ ಕೂರಿಸಿ. ಶಾಲೆಯ ಚೀಲದಲ್ಲಿ ಒಂದು ಜೊತೆ ಬಟ್ಟೆ ಇರಲಿ, ಶಿಕ್ಷಕರಿಗೆ ವಿಷಯ ತಿಳಿದಿರಲಿ.

ಒಂದು ಎಚ್ಚರಿಕೆ. ಜ್ವರ, ಹೊಟ್ಟೆ ಉಬ್ಬರ, ದುರ್ವಾಸನೆಯ ನೀರುಭೇದಿ, ಮಂಕು ಒಟ್ಟಿಗೆ ಬಂದರೆ ಅದು ಕರುಳಿನ ಉರಿಯೂತವಿರಬಹುದು. ಆಪರೇಷನ್ ನಂತರದ ಮೊದಲೆರಡು ವರ್ಷ ಹೆಚ್ಚು, ಆಮೇಲೂ ಬರುವುದುಂಟು. ಜೀವಕ್ಕೇ ಅಪಾಯ. ಓಆರ್‌ಎಸ್ ಕುಡಿಸಿ ಬೆಳಗಿನವರೆಗೆ ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ, ಮೊದಲ ಮಾತಿನಲ್ಲೇ ‘ಹಿರ್ಷ್‌ಸ್ಪ್ರಂಗ್ ಆಪರೇಷನ್ ಆಗಿದೆ’ ಎಂದು ತಿಳಿಸಿ.