‘ಟ್ರೆಷರ್ ಪ್ಲಾನೆಟ್’ನ ಡಿಸ್ನಿಯವರೇ ಸಾಯಿಸಿದ್ರಾ? ಸಂಪಾದಕರ ಉತ್ತರ

ಹಾಸನದ ಓದುಗರೊಬ್ಬರು ಬರೆದಿರೋ ಪತ್ರ ನಾಲ್ಕು ಪುಟ ಇದೆ, ಪೂರ್ತಿ ಹಾಕೋಕೆ ಜಾಗ ಸಾಲಲ್ಲ, ಸಾರಾಂಶ ಮಾತ್ರ ಕೊಡ್ತಿದ್ದೀವಿ: "ಹೋದ ತಿಂಗಳ ಸಂಚಿಕೆಲಿ ‘ತೋಪೆದ್ದ ದುಬಾರಿ ಕಾರ್ಟೂನ್‌ಗಳು’ ಅಂತ ಪಟ್ಟಿ ಮಾಡಿ ಅದ್ರಲ್ಲಿ ಡಿಸ್ನಿಯವರ 2002ರ ಸ್ಪೇಸ್ ಕಾರ್ಟೂನ್ ಸಿನಿಮಾ ಟ್ರೆಷರ್ ಪ್ಲಾನೆಟ್ ಸೇರಿಸಿದ್ದೀರಿ. ಹಾಸ್ಟೆಲ್‌ನಲ್ಲಿದ್ದಾಗ ಲ್ಯಾಪ್‌ಟಾಪ್‌ನಲ್ಲಿ ನೋಡಿದ್ದು, ಇವತ್ತಿಗೂ ನನ್ನ ಫೇವರಿಟ್, ಮಾಸ್ಟರ್‌ಪೀಸ್ ಅದು. ಅದು ತಾನಾಗೇ ಫ್ಲಾಪ್ ಆಗಿದ್ದಲ್ಲ ಸಾರ್, ಡಿಸ್ನಿಯವರೇ ಬೇಕಂತ ಮಾಡಿಸಿದ್ದು. ಕೈಯಲ್ಲಿ ಬಿಡಿಸೋ ಅನಿಮೇಷನ್ ಮುಚ್ಚೋಕೆ ಅವ್ರಿಗೊಂದು ನೆಪ ಬೇಕಿತ್ತು, ಹ್ಯಾರಿ ಪಾಟರ್ ಎದುರು ಬಿಟ್ಟು ಸಾಯಿಸಿದ್ರು. ರಿಲೀಸ್ ಆದ ಕೆಲವೇ ದಿನಕ್ಕೆ ನಷ್ಟ ಅಂತ ಅನೌನ್ಸ್ ಮಾಡಿದ್ದೇ ಅದಕ್ಕೆ ಸಾಕ್ಷಿ, ಯೂಟ್ಯೂಬ್‌ನಲ್ಲಿ ಎಲ್ಲಾ ಇದೆ. ಇಂಥ ಸಿನಿಮಾನ ಜನ ತಿರಸ್ಕರಿಸಿದ್ರು ಅಂತ ಬರೆಯೋಕೆ ಮನಸ್ಸು ಹೇಗೆ ಬಂತು? ಪಟ್ಟಿಯಿಂದ ತೆಗೀರಿ. ಎಂಟು ವರ್ಷದ ಮಗನಿಗೆ ತೋರಿಸ್ಬೇಕು ಅಂತಿದ್ದೀನಿ, ಪಾರ್ಟ್ ಟೂ ಏನಾದ್ರೂ ಇದ್ಯಾ ತಿಳಿಸಿ."

ನಮಸ್ಕಾರ ಸಾರ್. ಸಿಟ್ಟಲ್ಲಿ ಬರೆದಿದ್ರೂ ಪತ್ರ ಚೆನ್ನಾಗಿದೆ, ಆಫೀಸಲ್ಲಿ ಎಲ್ರೂ ಓದಿದ್ವಿ. ನೇರವಾಗಿ ಹೇಳಿಬಿಡ್ತೀನಿ, ಅದನ್ನ ಯಾರೂ ಬೇಕಂತ ಸಾಯಿಸಿದ್ದಲ್ಲ. ಆದ್ರೆ "ಜನ ತಿರಸ್ಕರಿಸಿದ್ರು" ಅನ್ನೋ ಮಾತು ನಮ್ಮ ಪಟ್ಟಿಲಿ ಎಲ್ಲೂ ಇಲ್ಲ, ಇನ್ನೊಂದ್ಸಲ ನೋಡಿ, ಅಲ್ಲಿರೋದು ಖರ್ಚು ಮತ್ತೆ ಕಲೆಕ್ಷನ್ ಅಷ್ಟೇ. ಬಂದವರಿಗೆ ಇಷ್ಟ ಆಯ್ತಾ ಅನ್ನೋದು ಒಂದು ಪ್ರಶ್ನೆ, ಎಷ್ಟು ಜನ ಬಂದ್ರು ಅನ್ನೋದು ಬೇರೆ ಪ್ರಶ್ನೆ, ಈ ಸಿನಿಮಾ ವಿಷಯದಲ್ಲಿ ಎರಡಕ್ಕೂ ಉತ್ತರ ಉಲ್ಟಾ ಇರೋದ್ರಿಂದಾನೇ ಇಷ್ಟೆಲ್ಲಾ ಕಥೆ ಹುಟ್ಟಿರೋದು.

ಲೆಕ್ಕ ಮೊದ್ಲು ಮುಗಿಸಿಬಿಡೋಣ. 2002ರ ನವೆಂಬರ್ 27ಕ್ಕೆ ಅಮೆರಿಕಾದಲ್ಲಿ ರಿಲೀಸ್, ಖರ್ಚು 14 ಕೋಟಿ ಡಾಲರ್. ಮೊದಲ ವಾರಾಂತ್ಯದ ಮೂರು ದಿನಕ್ಕೆ ಬಂದಿದ್ದು 1.2 ಕೋಟಿ, ನಾಲ್ಕನೇ ಸ್ಥಾನ. ಅಮೆರಿಕಾದಲ್ಲಿ ಓಟ ಮುಗಿಯೋ ಹೊತ್ತಿಗೆ 3.8 ಕೋಟಿ, ಇಡೀ ಪ್ರಪಂಚ ಸೇರಿಸಿದ್ರೆ ಸುಮಾರು 11 ಕೋಟಿ. ಅದ್ರಲ್ಲೂ ಹೆಚ್ಚುಕಮ್ಮಿ ಅರ್ಧ ಥಿಯೇಟರ್‌ನವ್ರ ಪಾಲು, ಪ್ರಚಾರದ ಖರ್ಚು ಬೇರೆ. ಗಾಂಧಿನಗರದ ಭಾಷೆಲಿ ಹೇಳೋದಾದ್ರೆ ಮಕಾಡೆ ಮಲಗ್ತು, ಇದ್ರಲ್ಲಿ ಎರಡು ಮಾತಿಲ್ಲ.

ಈಗ ನಿಮ್ಮ ಸಾಕ್ಷಿಗೆ ಬರೋಣ. ಕೆಲವೇ ದಿನದಲ್ಲಿ ನಷ್ಟ ಅನೌನ್ಸ್ ಮಾಡಿದ್ದು ನಿಜ, 7.4 ಕೋಟಿ ಡಾಲರ್ ರೈಟ್-ಡೌನ್ ಮಾಡಿದ್ರು. ಆದ್ರೆ ಅದು ಹೇಗೆ ನಡೆಯುತ್ತೆ ಅಂದ್ರೆ, ಸಿನಿಮಾಗೆ ಹಾಕಿದ ದುಡ್ಡು ಕಂಪನಿ ಪುಸ್ತಕದಲ್ಲಿ ಖರ್ಚು ಅಂತ ಒಂದೇ ಸಲ ಹೋಗಲ್ಲ, ಆಸ್ತಿ ಅಂತ ಕೂತಿರುತ್ತೆ, ಮುಂದೆ ಟಿಕೆಟ್ಟು ಡಿವಿಡಿ ಟಿವಿ ಅಂತ ದುಡ್ಡು ಬರ್ತಾ ಬರ್ತಾ ಸ್ವಲ್ಪ ಸ್ವಲ್ಪವಾಗಿ ಕರಗುತ್ತೆ. ಬರೋ ದುಡ್ಡು ಆ ಆಸ್ತಿ ಮೌಲ್ಯಕ್ಕಿಂತ ಕಮ್ಮಿ ಅಂತ ಗೊತ್ತಾದ ತಕ್ಷಣ ಇಳಿಸಿ ತೋರಿಸ್ಲೇಬೇಕು, ಷೇರು ಮಾರ್ಕೆಟ್‌ನಲ್ಲಿರೋ ಕಂಪನಿಗೆ ತಪ್ಪಿಸ್ಕೊಳ್ಳೋಕೆ ಆಗಲ್ಲ. ಮೊದಲ ವಾರಾಂತ್ಯ ನೋಡಿದ್ರೆ ಸಾಕು, ಒಟ್ಟು ಎಷ್ಟು ಬರುತ್ತೆ ಅಂತ ಆ ಧಂದೆಯವ್ರು ಅಂದಾಜು ಹಾಕಿಬಿಡ್ತಾರೆ. ಬೇಗ ಹೇಳಿದ್ದು ಸಂಚು ಅಲ್ಲ ಸಾರ್, ಅಕೌಂಟೆಂಟ್ ಕೆಲಸ.

ಇನ್ನು ಹ್ಯಾರಿ ಪಾಟರ್. ಎರಡನೇ ಪಾಟರ್ ಬಂದಿದ್ದು ನವೆಂಬರ್ 15ಕ್ಕೆ, 22ಕ್ಕೆ ಬಾಂಡ್ ಸಿನಿಮಾ ಬಂತು, ಇದಕ್ಕೂ ಮೊದ್ಲು ಸಾಂಟಾ ಕ್ಲಾಸ್ ಎರಡನೇ ಭಾಗ ಓಡ್ತಾನೇ ಇತ್ತು, ತಮಾಷೆ ಏನಂದ್ರೆ ಅದೂ ಡಿಸ್ನಿಯವ್ರದ್ದೇ. ದಟ್ಟಣೆ ಇತ್ತು, ಒಪ್ತೀನಿ. ಆದ್ರೆ ಅಮೆರಿಕಾದಲ್ಲಿ ಥ್ಯಾಂಕ್ಸ್‌ಗಿವಿಂಗ್ ವಾರ ಅಂದ್ರೆ ನಮ್ಮಲ್ಲಿ ದಸರಾ ರಜೆ ಇದ್ದಂಗೆ, ಫ್ಯಾಮಿಲಿ ಸಿನಿಮಾಗೆ ಅದಕ್ಕಿಂತ ಒಳ್ಳೆ ಡೇಟ್ ಇಲ್ಲ, ಡಿಸ್ನಿಯವ್ರು ಎಷ್ಟೋ ವರ್ಷದಿಂದ ತಮ್ಮ ದೊಡ್ಡ ಸಿನಿಮಾ ಬಿಡ್ತಿದ್ದಿದ್ದೇ ಆಗ. ಸಾಲದ್ದಕ್ಕೆ ಮಾಮೂಲಿ ಥಿಯೇಟರ್‌ಗೂ ಐಮ್ಯಾಕ್ಸ್‌ಗೂ ಒಂದೇ ದಿನ ಬಿಟ್ರು, ದೊಡ್ಡ ಸ್ಟುಡಿಯೋ ಸಿನಿಮಾಗೆ ಅದು ಮೊದಲ್ನೇ ಸಲ. ಸಾಯಿಸೋ ಸಿನಿಮಾಗೆ ಯಾರು ಇಷ್ಟು ಮರ್ಯಾದೆ ಮಾಡ್ತಾರೆ ಹೇಳಿ.

ಕೈಯಲ್ಲಿ ಬಿಡಿಸೋದನ್ನ ಮುಚ್ಚೋಕೆ ನೆಪ ಅಂತೀರಲ್ಲ, ಅದೇ ವರ್ಷ ಜೂನ್‌ನಲ್ಲಿ ಅದೇ ಕಂಪನಿ ಲೀಲೋ ಅಂಡ್ ಸ್ಟಿಚ್ ಬಿಡ್ತು. ಅದೂ ಕೈಯಲ್ಲಿ ಬಿಡಿಸಿದ್ದೇ, ಅದ್ರಲ್ಲೂ ಬೇರೆ ಗ್ರಹದ ಪ್ರಾಣಿ ಇದೆ ಸ್ಪೇಸ್‌ಶಿಪ್ ಇದೆ. ಖರ್ಚು 8 ಕೋಟಿ, ಬಂದಿದ್ದು 27 ಕೋಟಿ. ಕಲಾವಿದರನ್ನ ಮನೆಗೆ ಕಳಿಸೋದು ಮಾತ್ರ 2002ರ ಮೊದಲ ಅರ್ಧದಲ್ಲೇ ಶುರುವಾಗಿತ್ತು, ನಿಮ್ಮ ಸಿನಿಮಾ ತೆರೆಗೆ ಬರೋ ಮುಂಚೇನೇ. ಕಂಪ್ಯೂಟರ್ ಅನಿಮೇಷನ್ ಕೊಳ್ಳೆ ಹೊಡೀತಿದೆ ಅಂತ ಕಣ್ಣೆದುರೇ ಕಾಣ್ತಿತ್ತು, 2001ರಲ್ಲಿ ಶ್ರೆಕ್ಕು, ಮಾನ್ಸ್ಟರ್ಸ್ ಇಂಕು. ಮೇಲಿನವ್ರು ಆಗಲೇ ತೀರ್ಮಾನ ಮಾಡಿ ಆಗಿತ್ತು, ನೆಪ ಅವ್ರಿಗೆ ಬೇಕಾಗೇ ಇರ್ಲಿಲ್ಲ. ನನ್ನ ಪ್ರಕಾರ ಈ ಸಂಚಿನ ಕಥೆಗಿಂತ ಬೇಜಾರಿನ ವಿಷಯ ಇದು, ಕೊಲ್ಲೋಕೆ ಯಾರಾದ್ರೂ ಇದ್ದಿದ್ರೆ ಅವ್ರಿಗೆ ಅದ್ರ ಮೇಲೆ ಅಷ್ಟಾದ್ರೂ ಗಮನ ಇತ್ತು ಅಂತ ಆಗ್ತಿತ್ತು.

ಇನ್ನೊಂದು ಮಾತು, ಈ ಸಿನಿಮಾ ಬೇಕು ಬೇಕು ಅಂತ ಹಠ ಹಿಡಿದವ್ರು ಅದ್ರ ಡೈರೆಕ್ಟರ್‌ಗಳೇ, ರಾನ್ ಕ್ಲೆಮೆಂಟ್ಸ್ ಮತ್ತೆ ಜಾನ್ ಮಸ್ಕರ್. 1985ರಲ್ಲಿ ಡಿಸ್ನಿಲಿ ಒಂದು ಮೀಟಿಂಗ್ ನಡೀತಿತ್ತು, ಎಲ್ರೂ ಐಡಿಯಾ ತಂದು ಹೇಳೋದು, ಹಿಡಿಸಿಲ್ಲ ಅಂದ್ರೆ ಅಲ್ಲೇ ಮುಂದಕ್ಕೆ ಹೋಗಪ್ಪ ಅನ್ನೋದು. ಅಲ್ಲಿ ಕ್ಲೆಮೆಂಟ್ಸ್ ಎರಡು ಹೇಳಿದ್ರು, ಒಂದು ಮತ್ಸ್ಯಕನ್ಯೆ ಕಥೆ, ಇನ್ನೊಂದು ಸ್ಟೀವನ್ಸನ್‌ನ 1883ರ ಕಡಲ್ಗಳ್ಳರ ಕಾದಂಬರಿ ಟ್ರೆಷರ್ ಐಲ್ಯಾಂಡ್‌ನ ಆಕಾಶದಲ್ಲಿ ಮಾಡೋದು. ಮೊದಲ್ನೇದು ಸ್ವಲ್ಪ ದಿನಕ್ಕೆ ಓಕೆ ಆಯ್ತು, ಲಿಟಲ್ ಮರ್ಮೇಡ್ ಅಂತ 1989ರಲ್ಲಿ ಬಂದು ಡಿಸ್ನಿ ಅನಿಮೇಷನ್‌ನ ಮತ್ತೆ ಎಬ್ಬಿಸಿ ನಿಲ್ಲಿಸ್ತು. ಎರಡನೇದಕ್ಕೆ ಬೇಡ ಅಂದ್ರು, ಮತ್ತೆ ಕೇಳಿದಾಗ್ಲೂ ಬೇಡ ಅಂದ್ರು. ಆಮೇಲೆ ಅಲ್ಲಾದ್ದೀನ್ ಮಾಡಿ ಗೆದ್ದು, ಹರ್ಕ್ಯುಲಿಸ್ ಮುಗಿಸಿದ್ರೆ ಮುಂದಿಂದು ನಮ್ಮಿಷ್ಟದ್ದು ಅಂತ ಕಾಂಟ್ರ್ಯಾಕ್ಟ್‌ನಲ್ಲೇ ಬರೆಸ್ಕೊಂಡ್ರು. ಕೇಳಿದ್ದು 1985ರಲ್ಲಿ, ಸಿಕ್ಕಿದ್ದು 2002ರಲ್ಲಿ. ಹದಿನೇಳು ವರ್ಷದಲ್ಲಿ ನೋಡೋರು ಬದಲಾಗಿಬಿಟ್ಟಿದ್ರು ಅನ್ನೋದೇ ನನ್ನ ವಾದ.

ಯಾಕಂದ್ರೆ ಈ ಸಿನಿಮಾ ಯಾರಿಗೆ ಅಂತ ಯೋಚ್ನೆ ಮಾಡಿ. ಹೀರೋ ಜಿಮ್‌ಗೆ ಹದಿನೈದು ವರ್ಷ, ಅಪ್ಪ ಬಿಟ್ಟು ಹೋಗಿದ್ದಾನೆ, ಪೊಲೀಸ್ ರೋಬೋಗಳು ಹಿಡ್ಕೊಂಡು ಬಂದು ಅಮ್ಮನ ಮುಂದೆ ನಿಲ್ಲಿಸ್ತವೆ, ಹಾಡಿ ಕುಣಿಯೋದಿಲ್ಲ, ರಾಜಕುಮಾರಿ ಇಲ್ಲ, ಲವ್ ಸ್ಟೋರಿ ಇರೋದು ಕ್ಯಾಪ್ಟನ್ ಅಮೀಲಿಯಾಗೂ ಆ ಖಗೋಳ ವಿಜ್ಞಾನಿ ಡಾಪ್ಲರ್‌ಗೂ. ಐದು ವರ್ಷದ ಮಗುನ ಕರ್ಕೊಂಡು ಹೋಗೋ ಅಪ್ಪ ಅಮ್ಮಂಗೆ ಪಕ್ಕದ ಸ್ಕ್ರೀನಲ್ಲಿ ಸಾಂಟಾ ಇದ್ದ. ಹದಿನಾಲ್ಕರ ಹುಡುಗ, ಈ ಸಿನಿಮಾ ಯಾರನ್ನ ಉದ್ದೇಶಿಸಿ ಮಾಡಿದ್ರೋ ಅವ್ನೇ, ಫ್ರೆಂಡ್ಸ್ ಜೊತೆ ಡಿಸ್ನಿ ಕಾರ್ಟೂನ್‌ಗೆ ಹೋಗಿದ್ದೆ ಅಂತ ಹೇಳ್ಕೊಳ್ಳೋ ಹಾಗಿರ್ಲಿಲ್ಲ, ಅವ್ನು ಪಾಟರ್‌ಗೋ ಬಾಂಡ್‌ಗೋ ಹೋದ. ಇದು ಮೊದಲೇ ಗೊತ್ತಿದ್ದ ವಿಷಯ ಕೂಡ. 2000ದ ಜೂನ್‌ನಲ್ಲಿ ಫಾಕ್ಸ್‌ನವ್ರು ಟೈಟನ್ ಎ.ಇ. ಅಂತ ಬಿಟ್ಟಿದ್ರು, ಭೂಮಿ ಪುಡಿಪುಡಿ ಆಗೋದ್ರಿಂದ ಶುರುವಾಗೋ ಸ್ಪೇಸ್ ಕಾರ್ಟೂನು, ಅದೂ ದೊಡ್ಡ ಹುಡುಗರಿಗೇ ಅಂತ ಮಾಡಿದ್ದು, ಲೋಕಾದ್ಯಂತ 4 ಕೋಟಿ ಡಾಲರ್ ಕೂಡ ಮುಟ್ಟಲಿಲ್ಲ, ಆ ಬೇಸಿಗೆಲೇ ಫೀನಿಕ್ಸ್‌ನಲ್ಲಿದ್ದ ಅವ್ರ ಸ್ಟುಡಿಯೋ ಬಾಗಿಲು ಹಾಕ್ತು. ಅದನ್ನ ನೋಡಿನೂ 14 ಕೋಟಿ ಹಾಕಿದ್ದು ಧೈರ್ಯಾನೋ ಹುಚ್ಚೋ ನೀವೇ ಹೇಳಿ.

ವಿಮರ್ಶಕರ ತಕರಾರು ಇನ್ನೊಂದು ಥರ ಇತ್ತು. ಕಡಲ್ಗಳ್ಳರ ಕಥೆಗೆ ಕಡಲೇ ಚೆನ್ನಾಗಿತ್ತಲ್ಲ, ಆಕಾಶಕ್ಕೆ ಯಾಕೆ ಎತ್ಕೊಂಡು ಹೋದ್ರಿ ಅಂತ. ಇಲ್ಲಿ ಮಾತ್ರ ನಾನು ನಿಮ್ಮ ಪಾರ್ಟಿ ಸಾರ್. ಸಿನಿಮಾದವ್ರು 70-30 ಅಂತ ಒಂದು ರೂಲ್ ಇಟ್ಕೊಂಡಿದ್ರು, ಏನೇ ಡಿಸೈನ್ ಮಾಡಿದ್ರೂ ನೂರಕ್ಕೆ ಎಪ್ಪತ್ತು ಹಳೇ ಕಾಲದ್ದು, ಮೂವತ್ತು ಮುಂದಿನ ಕಾಲದ್ದು. ಹಾಗಾಗಿ ಅಲ್ಲಿ ಮರದ ಹಡಗು ಹಾಯಿ ಬಿಚ್ಕೊಂಡು ನಕ್ಷತ್ರಗಳ ಮಧ್ಯೆ ಹೋಗುತ್ತೆ, ಹಾಯಿ ಹಿಡಿಯೋದು ಗಾಳಿನಲ್ಲ, ಸೂರ್ಯನ ಬೆಳಕನ್ನ. ಆಕಾಶದಲ್ಲಿ ಉಸಿರಾಡೋಕೂ ಆಗುತ್ತೆ, ಅದಕ್ಕೆ ಈಥೀರಿಯಂ ಅಂತ ಹೆಸರಿಟ್ಟು ಮುಗಿಸಿದ್ದಾರೆ, ಹೆಲ್ಮೆಟ್ ಹಾಕ್ಕೊಂಡು ಕಡಲ್ಗಳ್ಳ ಆಗೋಕಾಗತ್ತಾ. ಬಣ್ಣ ಕೂಡ ಆ ಕಾದಂಬರಿಗೆ 1911ರಲ್ಲಿ ಚಿತ್ರ ಬರೆದ ಎನ್.ಸಿ. ವೈಯತ್ ಥರದ ಹಳೇ ಕಲಾವಿದರಿಂದ ತಗೊಂಡಿದ್ದು, ಕಂದು, ಬಂಗಾರ, ಎಣ್ಣೆ ದೀಪದ ಬೆಳಕು. ಸೈನ್ಸ್ ಫಿಕ್ಷನ್ ಅಂದ್ರೆ ಸ್ಟೀಲು ನೀಲಿ ಲೈಟು ಅಂತ ರೂಢಿ ಆಗಿದ್ದವರಿಗೆ ಒಂದು ನಿಮಿಷದ ಟ್ರೇಲರ್‌ನಲ್ಲಿ ಇದು ಏನೂ ಅರ್ಥ ಆಗಿರಲ್ಲ.

ಹಡಗಿನ ಅಡುಗೆಯವನಾಗಿ ಬರೋ ಅರ್ಧ ಮೆಷಿನ್ ಮೈಯ ಕಡಲ್ಗಳ್ಳ ಜಾನ್ ಸಿಲ್ವರ್ ಬಗ್ಗೆ ಎರಡು ಮಾತು ಹೇಳ್ಲೇಬೇಕು. ಅವ್ನ ಮೈ ಮುಖ ಅನಿಮೇಟರ್ ಗ್ಲೆನ್ ಕೀನ್ ಮತ್ತವರ ತಂಡ ಪೆನ್ಸಿಲಲ್ಲಿ ಬಿಡಿಸಿದ್ದು, ಬಲಗೈ ಥರದ ಮೆಷಿನ್ ಭಾಗಗಳು ಕಂಪ್ಯೂಟರಿಂದು. ಎರಡೂ ಹೊಂದುತ್ತೋ ಇಲ್ವೋ ಅಂತ ನೋಡೋಕೆ 1953ರ ಪೀಟರ್ ಪ್ಯಾನ್ ಸಿನಿಮಾದ ಕ್ಯಾಪ್ಟನ್ ಹುಕ್‌ನ ಒಂದು ಶಾಟ್ ತಗೊಂಡು, ಅವ್ನ ಕೈ ಅಳಿಸಿ ಅಲ್ಲಿ ಕಂಪ್ಯೂಟರ್ ಕೈ ಅಂಟಿಸಿ ಟೆಸ್ಟ್ ಮಾಡಿದ್ರು. ಅಡುಗೆಮನೆ ಸೀನ್ ಬಂದಾಗ ನಿಲ್ಲಿಸಿ ನಿಲ್ಲಿಸಿ ನೋಡಿ. ಆ ಕೈ ಚಾಕು ಆಗುತ್ತೆ, ಇನ್ನೇನೋ ಆಗುತ್ತೆ, ಹಲ್ಲಿನ ಚಕ್ರ ತಿರುಗ್ತಾ ಇರುತ್ತೆ, ಅಷ್ಟರಲ್ಲಿ ಅವ್ನ ಕಣ್ಣು ಜಿಮ್‌ನ ಅಳೀತಾ ಇರುತ್ತೆ. ಮುಖ ಪೆನ್ಸಿಲಲ್ಲಿ ಬಿಡಿಸಿದ್ದು, ಕೈ ಕಂಪ್ಯೂಟರಿಂದು, ಎಲ್ಲಿ ಸೇರುತ್ತೆ ಅಂತ ಗೆರೆ ಹುಡುಕಿದ್ರೂ ಸಿಗಲ್ಲ.

ಆಮೇಲೆ ಹಿನ್ನೆಲೆಲಿ ಹಾಡು ಬರೋ ಆ ಭಾಗ. ಅಪ್ಪ ತಿರುಗಿ ನೋಡದೆ ಹೋಗಿಬಿಡೋದು, ಪುಟ್ಟ ಜಿಮ್ ಹಿಂದೆ ಓಡೋದು, ಅದ್ರ ಮಧ್ಯೆ ಮಧ್ಯೆ ಸಿಲ್ವರ್ ಅವ್ನ ಕೈಲಿ ಪಾತ್ರೆ ತಿಕ್ಕಿಸೋದು, ಹಗ್ಗಕ್ಕೆ ಗಂಟು ಹಾಕೋದು ಕಲಿಸೋದು. ಮೂರು ನಾಲ್ಕು ನಿಮಿಷದಲ್ಲಿ ಒಂದು ಕಾದಂಬರಿ ಮುಗಿಸಿಬಿಡ್ತಾರೆ, ಡೈಲಾಗೇ ಇಲ್ಲ. ಈ ಸಿನಿಮಾ ಇವತ್ತಿಗೂ ನೆನಪಲ್ಲಿರೋ ಜನ ಇದೇ ಭಾಗದ ಬಗ್ಗೆ ಮಾತಾಡ್ತಾರೆ.

ಆದ್ರೆ ಮಾಸ್ಟರ್‌ಪೀಸ್ ಅಂತೆಲ್ಲ ಬರೆದಿದ್ದೀರಲ್ಲ, ಅದು ಜಾಸ್ತಿ ಆಯ್ತು. ಗ್ರಹಕ್ಕೆ ಇಳಿದ ಮೇಲೆ ಆ ಬೆನ್ ಅನ್ನೋ ರೋಬೋ ಬರುತ್ತಲ್ಲ, ಬಾಯಿ ಮುಚ್ಚಲ್ಲ ಅದು, ಅಲ್ಲಿವರೆಗೂ ಗಂಭೀರವಾಗಿ ಬಂದ ಸಿನಿಮಾಗೆ ಯಾರೋ ಹೆದರಿಕೊಂಡು ಮಕ್ಕಳಿಗೂ ಏನಾದ್ರೂ ಇರ್ಲಿ ಅಂತ ತುರುಕಿದ ಹಾಗಿದೆ. ಸ್ಕ್ರೂಪ್ ಅನ್ನೋ ಜೇಡದಂಥ ವಿಲನ್‌ಗೆ ಕೆಟ್ಟವನಾಗಿರೋದು ಬಿಟ್ರೆ ಬೇರೆ ಕೆಲಸ ಇಲ್ಲ. ನಿಧಿ ಸಿಕ್ಕಿದ ಮೇಲಂತೂ ಎಲ್ಲಾ ಓಟ, ಉಸಿರು ತಗೊಳ್ಳೋಕೆ ಪುರುಸೊತ್ತಿಲ್ಲ.

ಹಾಗಿದ್ರೂ ಬಂದವ್ರು ಬೈಕೊಂಡು ಹೋಗ್ಲಿಲ್ಲ. ಅಮೆರಿಕಾದಲ್ಲಿ ಸಿನಿಮಾಸ್ಕೋರ್ ಅಂತ ಒಂದು ಸಂಸ್ಥೆ ಇದೆ, ಮೊದಲ ದಿನ ಥಿಯೇಟರ್‌ನಲ್ಲಿ ಪ್ರೇಕ್ಷಕರ ಕೈಗೆ ಒಂದು ಕಾರ್ಡ್ ಕೊಟ್ಟು ಗ್ರೇಡ್ ಹಾಕಿ ಅನ್ನುತ್ತೆ, ಇದಕ್ಕೆ ಎ ಮೈನಸ್ ಬಂತು. ಆಸ್ಕರ್‌ಗೂ ನಾಮಿನೇಟ್ ಆಯ್ತು, ಮಿಯಾಝಾಕಿಯವರ ಸ್ಪಿರಿಟೆಡ್ ಅವೇ ಎದುರು ಸೋಲ್ತು, ಅದಕ್ಕೆ ಸೋಲೋದ್ರಲ್ಲಿ ನಾಚಿಕೆ ಪಡೋಂಥದ್ದು ಏನಿಲ್ಲ. ಆದ್ರೆ ಈ ಗ್ರೇಡ್ ಅನ್ನೋದು ಟಿಕೆಟ್ ತಗೊಂಡು ಒಳಗೆ ಕೂತವರದ್ದು ಮಾತ್ರ, ಮನೇಲೇ ಕೂತವರನ್ನ ಯಾರೂ ಕೇಳಲ್ಲ. ಇದು ಹಳೇ ಕಾಲದ ಕಥೆ ಅಂದ್ಕೋಬೇಡಿ, 2025ರ ಜೂನ್‌ನಲ್ಲಿ ಪಿಕ್ಸಾರ್‌ನ ಎಲಿಯೋ ಬಂತಲ್ಲ, ಬೇರೆ ಗ್ರಹದವ್ರು ಕರ್ಕೊಂಡು ಹೋಗ್ಲಿ ಅಂತ ಕಾಯೋ ಹುಡುಗನ ಕಥೆ, ಅದಕ್ಕೆ ಪ್ರೇಕ್ಷಕರು ಕೊಟ್ಟ ಗ್ರೇಡು ಎ, ಅಮೆರಿಕಾದ ಮೊದಲ ವಾರಾಂತ್ಯ ಸುಮಾರು 2.1 ಕೋಟಿ ಡಾಲರ್, ಪಿಕ್ಸಾರ್ ಇತಿಹಾಸದಲ್ಲೇ ಅಷ್ಟು ಕಮ್ಮಿ ಓಪನಿಂಗ್ ಯಾವುದಕ್ಕೂ ಇರ್ಲಿಲ್ಲ. 2008ರಲ್ಲಿ ವಾಲ್-ಇ 50 ಕೋಟಿ ದಾಟಿ ಆಸ್ಕರೂ ಹೊಡ್ಕೊಂಡಿತ್ತು, ಹಾಗಾಗಿ ಸ್ಪೇಸ್ ಅಂದ್ರೇನೇ ಜನ ಬರಲ್ಲ ಅಂತಾನೂ ಹೇಳೋಕಾಗಲ್ಲ.

ನಿಮ್ಮ ಸಿನಿಮಾನ ಉಳಿಸಿದ್ದು ಡಿವಿಡಿ, ಟಿವಿ, ನಿಮ್ಮ ಥರ ಹಾಸ್ಟೆಲ್ ಲ್ಯಾಪ್‌ಟಾಪು. 2002ರಲ್ಲಿ ಟಿಕೆಟ್‌ಗೆ ಅಪ್ಪನ ಜೇಬೇ ಗತಿ ಅಂತಿದ್ದ ಮಕ್ಕಳು ಈಗ ದುಡೀತಿದ್ದಾರೆ, ಜಿಮ್ ಚಿತ್ರ ಬಿಡಿಸ್ತಾರೆ, ಸಿಲ್ವರ್ ಬಗ್ಗೆ ಗಂಟೆಗಟ್ಲೆ ವಿಡಿಯೋ ಮಾಡ್ತಾರೆ. ಆ ಪ್ರೀತಿ ನಿಜ, ಅದಕ್ಕೆ ಒಬ್ಬ ವಿಲನ್ ಬೇಕು ಅಂತ ಡಿಸ್ನಿ ಆಫೀಸಲ್ಲಿ ಹುಡುಕೋ ಅಗತ್ಯ ಇಲ್ಲ ಅಷ್ಟೇ. ಪಟ್ಟಿಯಿಂದ ತೆಗೀರಿ ಅಂತ ಕೇಳಿದ್ದೀರಿ, ತೆಗೆಯಲ್ಲ ಸಾರ್, ಅದು ದುಡ್ಡಿನ ಪಟ್ಟಿ.

ಪಾರ್ಟ್ ಟೂ ಇಲ್ಲ. ಜಿಮ್ ಅಕಾಡೆಮಿ ಸೇರಿದ ಮೇಲಿನ ಕಥೆ ಅಂತ ತಯಾರಿ ನಡೀತಿತ್ತು, ಹೊಸ ವಿಲನ್‌ಗೆ ನಟ ವಿಲೆಮ್ ಡಫೋ ಧ್ವನಿ ಅಂತಾನೂ ಮಾತಾಗಿತ್ತು, ಮೊದಲ್ನೇದು ಬಿದ್ದ ಮೇಲೆ ಕೈಬಿಟ್ರು. ಎಂಟು ವರ್ಷಕ್ಕೆ ಧಾರಾಳವಾಗಿ ತೋರಿಸ್ಬಹುದು. ಕಪ್ಪು ಕುಳಿ ಸೀನಲ್ಲಿ ಸ್ಕ್ರೂಪು ಹಡಗಿನ ಅಧಿಕಾರಿ ಮಿಸ್ಟರ್ ಆರೋ ಅನ್ನೋನ ಹಗ್ಗ ಕತ್ತರಿಸ್ತಾನೆ, ಅಲ್ಲಿ ಮಾತ್ರ ಪಕ್ಕದಲ್ಲಿರಿ. ಮತ್ತೆ ಬೆನ್ ಬಂದಾಗ ನಿಮ್ಮ ಮಗ ಬಿದ್ದು ಬಿದ್ದು ನಗ್ತಾನೆ, ನನ್ನ ಮಾತು ಕೇಳಿ ಆಗ ಮುಖ ಸಿಂಡರಿಸಬೇಡಿ.